ಅಜ್ಜಿಯ ಮೊರ, ಗ್ರೇಸಿ ಮಿಸ್ಸಿನ ಪೆನ್ಸಿಲು

ನನಗೆ ಇಂಗ್ಲಿಷ್ ಕಲಿಸಿದ್ದು ನನ್ನ ಅಜ್ಜಿ. ಅವಳಿಗೆ ಎಬಿಸಿಡಿಯಲ್ಲಿ ಎ ಕೂಡ ಗೊತ್ತಿರಲಿಲ್ಲ. ಕನ್ನಡದಲ್ಲೂ ಸಹಿ ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದಳು. ನಂಬುವುದಿಲ್ಲ ಅನ್ನುತ್ತೀರಾ? ಸಂತೋಷ, ನಂಬಬೇಡಿ. ಎಪ್ಪತ್ತು ದಾಟಿದ ಈ ನಂಜುಂಡನ ಮಾತನ್ನು ಹೆತ್ತೂರು ಬಸ್ಸಿನ ಕಂಡಕ್ಟರನಿಂದ ಹಿಡಿದು ಸ್ವಂತ ಹೆಂಡತಿಯವರೆಗೆ ಯಾರೂ ನಂಬಿದವರಿಲ್ಲ, ನೀವೇ ಮೊದಲಿಗರಾಗುವುದು ಬೇಡ. ಆದರೆ ಒಂದು ಪಂಥ ಕಟ್ಟೋಣ. ಈ ಅಧ್ಯಾಯದಲ್ಲಿ ನಾನು ಹೇಳುವುದೆಲ್ಲ ನಿಜ, ಒಂದೇ ಒಂದು ವಿವರ ಬಿಟ್ಟು. ಆ ಒಂದನ್ನು ಹುಡುಕಿ. ಸುಮ್ಮನೆ ‘ಇದು ಸುಳ್ಳು ಕಣಯ್ಯ’ ಅಂದರೆ ಒಪ್ಪುವುದಿಲ್ಲ. ಯಾವುದು, ಹೇಗೆ ಗೊತ್ತಾಯಿತು ಅಂತ ತೋರಿಸಬೇಕು. ತೋರಿಸಿದರೆ ಮನೆಗೆ ಬನ್ನಿ, ಗುಂಡುಕಾಳಿನ ಕಾಫಿ ಕುಡಿಸುತ್ತೇನೆ. ತೋರಿಸಲಾಗದಿದ್ದರೂ ಬನ್ನಿ, ಕಾಫಿ ಕೊಟ್ಟು ಎದುರಿಗೆ ಕೂತು ನಗುತ್ತೇನೆ.

ಹೋದ ತಿಂಗಳು ಸಕಲೇಶಪುರದ ಒಂದು ಹೈಸ್ಕೂಲಿನವರು ನನ್ನನ್ನು ಮಾತಾಡಲು ಕರೆಸಿದ್ದರು. ಅಲ್ಲಿ ಈಗ ಓದಿನಲ್ಲಿ ಮುಂದಿರುವ ಮಕ್ಕಳಿಗೆ ಅಂತಲೇ ಬೇರೆ ಇಂಗ್ಲಿಷ್ ಕ್ಲಾಸು ಇದೆ. ಗೋಡೆಯ ಮೇಲೆ ಒಂದು ಚಾರ್ಟು, ಅದರ ಸುತ್ತ ಹೂಬಳ್ಳಿ, ಮೇಲೆ ದೊಡ್ಡ ಅಕ್ಷರದಲ್ಲಿ ‘ಈ ತರಗತಿಯಲ್ಲಿ ಗೆಲ್ಲಲು ಬೇಕಾದ ಗುಣಗಳು’. ಶಿಸ್ತು, ಪರಿಶ್ರಮ, ಪದಸಂಪತ್ತು, ಸಮಯಪಾಲನೆ, ವಿನಯ. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಮುಂದಿನ ಬೆಂಚಿನ ಒಬ್ಬಳು ಎರಡು ಜಡೆಯ ಹುಡುಗಿ ಗಮನಿಸುತ್ತಲೇ ಇದ್ದಳು.

“ತಾತ, ನಿಮ್ಮತ್ರ ಇದ್ರಲ್ಲಿ ಎಷ್ಟು ಗುಣ ಇದ್ವು?”

“ಒಂದೂ ಇರ್ಲಿಲ್ಲ ಕಣವ್ವ. ಆದ್ರೂ ಇಂಥದೇ ಕ್ಲಾಸಲ್ಲಿ ಎರಡು ವರ್ಷ ನಾನೇ ಫಸ್ಟು.”

“ಸುಳ್ಳು.”

“ಕಾಳು ತೋರ್ಸು.”

“ಏನ್ ಕಾಳು?”

ಅಷ್ಟರಲ್ಲಿ ಬೆಲ್ಲು ಹೊಡೆದುಬಿಟ್ಟಿತು. ಅವಳಿಗೆ ಹೇಳಲಾಗದೆ ಉಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ರೈಟರ್ ಮನೆ. ಹೆತ್ತೂರು ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್ ಆಗಿದ್ದ. ರೈಟರ್ ಅಂದರೆ ಕಥೆಗಿಥೆ ಬರೆಯುವವನು ಅಂದುಕೊಳ್ಳಬೇಡಿ. ಕೂಲಿಯವರ ಮನೆಸಾಲು ಅಂದರೆ ಲೈನು, ಯಾವ ಲೈನಿನಿಂದ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಅಂತ ಹಾಜರಿ ಬರೆಯುವವನು. ಬಂದವರಿಗೆ ನೀಲಿ ಇಂಕು, ಬಾರದವರ ಹೆಸರಿನ ಮೇಲೆ ಕೆಂಪು ಇಂಕಿನ ಗೆರೆ. ಆ ಎರಡು ಬಾಟಲಿಗಳು ನಡುಮನೆಯ ಕಿಟಕಿಯಲ್ಲಿ ದೇವರ ಪಟಕ್ಕಿಂತ ಹೆಚ್ಚಿನ ಮರ್ಯಾದೆಯಲ್ಲಿ ಕೂತಿರುತ್ತಿದ್ದವು. ಪಟ ಮುಟ್ಟಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಬಾಟಲಿ ಮುಟ್ಟಿದರೆ ಬೆನ್ನಿನ ಮೇಲೆ ಬೀಳುತ್ತಿತ್ತು. ಮನೆ ಅಂದರೆ ಒಂದು ಜಗಲಿ, ಒಂದು ನಡುಮನೆ, ಒಂದು ಅಡಿಗೆಮನೆ, ಅದರ ಮೇಲೊಂದು ಅಟ್ಟ. ಅಷ್ಟರಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು. ಅಡಿಗೆಮನೆಯ ಹೊಗೆಗೆ ಅಟ್ಟದ ತೊಲೆಗಳೆಲ್ಲ ಕಾಡಿಗೆಯ ಹಾಗೆ ಮಿರುಗುತ್ತಿದ್ದವು. ಬೆಳಿಗ್ಗೆ ಅಕ್ಕಿರೊಟ್ಟಿ, ರಾತ್ರಿಯೂ ಅಕ್ಕಿರೊಟ್ಟಿ, ಭಾನುವಾರ ಮಾತ್ರ ಕಡುಬು. ಅಮ್ಮ ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುವ ಹೊತ್ತಿಗೆ ನಾನು ಎಲ್ಲಿದ್ದರೂ ಬಂದು ಬೀಳುತ್ತಿದ್ದೆ. ಎಂಟು ಕಡುಬು ತಿಂದು ಒಂಬತ್ತನೆಯದನ್ನು ಚಡ್ಡಿ ಜೇಬಿಗೆ ಹಾಕಿಕೊಳ್ಳುವ ವಿದ್ಯೆ ಆ ಪ್ರಾಂತ್ಯದಲ್ಲಿ ನನ್ನೊಬ್ಬನಿಗೇ ಬರುತ್ತಿದ್ದದ್ದು.

ಒಂದು ಕಾಲಕ್ಕೆ ಚಿಕ್ಕಪ್ಪನೂ ಭಾನುವಾರದ ಕಡುಬಿಗೆ ಬರುತ್ತಿದ್ದ. ಅಪ್ಪನ ಒಬ್ಬನೇ ತಮ್ಮ, ಹೆಸರು ಶಿವಣ್ಣ, ಆನೇಮಹಲ್ಲಿನಲ್ಲಿ ಮನೆ. ಕಾಫಿಯ ವಿಷಯದಲ್ಲಿ ಅವನು ಮಹಾರಾಜ. ಗುಂಡುಕಾಳಿನ ಪುಡಿಯಾದರೆ ಮಾತ್ರ ಕುಡಿಯುವವನು. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಕಾಳು ಎದುರುಬದುರಾಗಿ ಇರುತ್ತವೆ. ಅಪರೂಪಕ್ಕೆ ಒಂದೇ ಕಾಳು ದುಂಡಗೆ ಬೆಳೆದಿರುತ್ತದೆ. ಎಸ್ಟೇಟಿನವರು ಅದನ್ನು ಪೀಬೆರಿ ಅನ್ನುತ್ತಾರೆ, ನಾವು ಗುಂಡುಕಾಳು ಅನ್ನುತ್ತೇವೆ. ನನ್ನ ಕಿವಿ ಚುಚ್ಚಿಸಿದ ದಿನ, ಊರಿನ ಹಿರಿಯರೆಲ್ಲ ಜಗಲಿಯಲ್ಲಿ ಕೂತಿರುವಾಗ, ಅಪ್ಪನೇ ಕೈಯಾರೆ ಕೊಟ್ಟ ಲೋಟದಿಂದ ಒಂದು ಗುಟುಕು ಕುಡಿದು ಚಿಕ್ಕಪ್ಪ, “ಅಣ್ಣ, ಇದು ಕಾಫಿನೋ ಕಲಗಚ್ಚೋ?” ಅಂದುಬಿಟ್ಟ. ಎಲ್ಲರೂ ನಕ್ಕರು. ಕಾಫಿ ಎಸ್ಟೇಟಿನ ರೈಟರನ ಮನೆಯ ಕಾಫಿಯನ್ನು ಹಸುವಿನ ಬಾನಿಯ ನೀರು ಅಂದರೆ ಹೇಗಿರಬೇಡ. ಅಪ್ಪ ಅವತ್ತಿನಿಂದ ತಮ್ಮನ ಜೊತೆ ಮಾತು ಬಿಟ್ಟ. ನಾನು ಒಂಬತ್ತನೆಯ ಕ್ಲಾಸಿಗೆ ಬರುವ ಹೊತ್ತಿಗೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಶಿವಣ್ಣ ಅನ್ನುವ ಹೆಸರು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಈಗ ಮೊರದ ವಿಷಯ. ಮನೆಯ ಹಿಂದೆ ಅಜ್ಜಿಯದೇ ಅಂತ ಒಂದಿಷ್ಟು ಕಾಫಿ ಗಿಡಗಳಿದ್ದವು. ಅದರ ಫಸಲು ಮನೆ ಖರ್ಚಿಗೆ. ಒಣಗಿದ ಹಣ್ಣನ್ನು ಒನಕೆಯಲ್ಲಿ ಕುಟ್ಟಿ ಸಿಪ್ಪೆ ಹಾರಿಸಿದ ಮೇಲೆ, ಭಾನುವಾರ ಕಡುಬು ತಿಂದು ಎಲ್ಲರೂ ಜಗಲಿಯಲ್ಲಿ ದೊಡ್ಡ ಮೊರದ ಸುತ್ತ ಕೂತು ಕಾಳು ಆರಿಸಬೇಕು. ಒಳ್ಳೆ ಕಾಳು ಒಂದು ಕಡೆ, ಒಡಕು ಒಂದು ಕಡೆ, ಕರಿಕಾಳು ಒಂದು ಕಡೆ. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗದಿದ್ದರೆ ಅದಕ್ಕೂ ಒಂದು ಗುಡ್ಡೆ ಇತ್ತು, ಅನುಮಾನದ ಗುಡ್ಡೆ. ಬೆಳಕು ಚೆನ್ನಾಗಿದ್ದಾಗ ಇನ್ನೊಮ್ಮೆ ನೋಡಲಿಕ್ಕೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಯಾವುದಾದರೂ ಗುಡ್ಡೆಗೆ ತಳ್ಳಿದರೆ ಅಜ್ಜಿ ಕೈ ಮೇಲೆ ಹೊಡೆಯುತ್ತಿದ್ದಳು. ಗುಂಡುಕಾಳುಗಳನ್ನು ಮಾತ್ರ ಅಪ್ಪ ಒಬ್ಬನೇ ಆರಿಸಿ ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದ. ಅವು ಎಲ್ಲಿಗೆ ಹೋಗುತ್ತವೆ ಅಂತ ನಾನು ಕೇಳಿದವನಲ್ಲ. ಮೊರದ ಮುಂದೆ ಅಜ್ಜಿಯ ಕಾನೂನು ಒಂದೇ: ಯಾರು ಏನು ಹೇಳಿದರೂ ಕಾಳು ತೋರಿಸಬೇಕು. “ಈ ಸಲದ ಕಾಫಿ ಚೆನ್ನಾಗಿಲ್ಲ” ಅಂತ ಅಮ್ಮ ಅಂದರೆ, “ಕಾಳು ತೋರ್ಸು.” ಅಮ್ಮ ಹುಳ ಕೊರೆದ ಕಾಳು ಹುಡುಕಿ ಅಂಗೈಯಲ್ಲಿಟ್ಟು ತೋರಿಸಬೇಕು, ಇಲ್ಲದಿದ್ದರೆ ಮಾತು ವಾಪಸು ತೆಗೆದುಕೊಳ್ಳಬೇಕು. ಬರಬರುತ್ತಾ ಇದು ಕಾಫಿಯನ್ನು ದಾಟಿ ಮನೆಯ ಎಲ್ಲ ಮಾತಿಗೂ ಹಬ್ಬಿತು. ಪಕ್ಕದ ಮನೆಯವಳು ಹೊಟ್ಟೆಕಿಚ್ಚಿನವಳು ಅಂದರೂ ಕಾಳು ತೋರಿಸಬೇಕು.

ಒಂದು ಭಾನುವಾರ ನಾನು ಒಣಗಿದ ಆಡಿನ ಹಿಕ್ಕೆ ಒಂದು ಹಿಡಿ ತಂದು, ಯಾರೂ ನೋಡದಾಗ ಕರಿಕಾಳಿನ ಗುಡ್ಡೆಗೆ ಬೆರೆಸಿದೆ. ಬಣ್ಣ ಅದೇ, ಗಾತ್ರ ಅದೇ. ನನ್ನ ಕೀಟಲೆಗಳಲ್ಲಿ ಅಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಅಪ್ಪ ನೋಡಿದ, ಗೊತ್ತಾಗಲಿಲ್ಲ. ಅಮ್ಮ ಕೈಯಾಡಿಸಿದಳು, ಗೊತ್ತಾಗಲಿಲ್ಲ. ಅಜ್ಜಿ ದೂರದಿಂದಲೇ ಒಂದು ಸಲ ಕಣ್ಣು ಹಾಯಿಸಿದಳು.

“ಯಾವನ್ಲಾ ಇದನ್ನ ಬೆರ್ಸಿದ್ದು?”

“ಬೆಕ್ಕಿರ್ಬೇಕು ಅಜ್ಜಿ.”

“ಬೆಕ್ಕು ಆಡಿನ ಹಿಕ್ಕೆ ಹಾಕ್ತದೇನ್ಲಾ? ಕಾಳು ತೋರ್ಸು.”

ನಾನು ಬಲಗೈಯನ್ನು ಚಡ್ಡಿ ಜೇಬಿಗೆ ತುರುಕಿದೆ.

“ನಾನ್ ತೋರಿಸ್ತೀನಿ ತಗೊ. ನಿನ್ ಬಲಗೈ ಮೂಸ್ಕೊ.”

ಶಿಕ್ಷೆಯಾಗಿ, ಅಲ್ಲಿಂದ ಮುಂದೆ ಪ್ರತಿ ಭಾನುವಾರ ಒಂದು ಕಾಳೂ ಬಿಡದೆ ಇಡೀ ಮೊರ ನಾನೇ ಮೂರು ಸಲ ನೋಡಬೇಕಾಯಿತು. ಮೊದಲನೆಯ ಸಲ ಎಲ್ಲವೂ ಒಳ್ಳೆಯದಾಗಿ ಕಾಣುತ್ತವೆ. ಎರಡನೆಯ ಸಲ ನಾಲ್ಕು ಕೆಟ್ಟವು ಸಿಗುತ್ತವೆ. ಮೂರನೆಯ ಸಲ, ಮಾರಾಯ್ರೆ, ಇಷ್ಟು ಹೊತ್ತು ಇವು ಎಲ್ಲಿ ಅಡಗಿದ್ದವು ಅನ್ನುವ ಹಾಗೆ ಹದಿನಾಲ್ಕು ಸಿಗುತ್ತವೆ.

ಒಂಬತ್ತನೆಯ ಕ್ಲಾಸಿಗೆ ನಾನು ಒಂದು ಗಂಟೆಯ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ಗ್ರೇಸಿ ಮಿಸ್ ಇದ್ದರು. ಆಳು ಕುಳ್ಳಿ, ಕೊಡೆಯೇ ಅವರ ಗಲ್ಲ ಮುಟ್ಟುವಷ್ಟು ಉದ್ದ. ಪ್ರತಿ ವರ್ಷ ಇಂಗ್ಲಿಷ್ ಚೆನ್ನಾಗಿ ಬರುವ ಎಂಟು ಮಕ್ಕಳನ್ನು ಆರಿಸಿ ಮಹಡಿಯ ಮೇಲಿನ ಕೋಣೆಯಲ್ಲಿ ಬೇರೆಯೇ ಪಾಠ ಮಾಡುತ್ತಿದ್ದರು. ಕೆಳಗಿನ ಕ್ಲಾಸಿನಲ್ಲಿ ನಾವು ಪ್ರಶ್ನೋತ್ತರ ಉರು ಹೊಡೆಯುವುದು. ಮೇಲಿನ ಕೋಣೆಯಿಂದ ಜಗಳದ ಸದ್ದು ಬರುತ್ತಿತ್ತು. ಒಂದು ದಿನ ಮೆಟ್ಟಿಲ ಮೇಲೆ ನಿಂತು ಕೇಳಿದೆ. ಒಂದು ಕಥೆಯ ನಾಯಿ ಸತ್ತಿತೋ ಓಡಿಹೋಯಿತೋ ಅಂತ ಎಂಟು ಜನ ಕೈ ಕೈ ಮಿಲಾಯಿಸುವ ಹಾಗೆ ಕಿತ್ತಾಡುತ್ತಿದ್ದಾರೆ, ಮಿಸ್ ಕೊಡೆಯ ಮೇಲೆ ಗಲ್ಲವಿಟ್ಟು ಕೇಳುತ್ತಿದ್ದಾರೆ. ಜಗಳ ಆಡಿದರೆ ಬೈಯದೆ ಇನ್ನಷ್ಟು ಆಡಿ ಅನ್ನುವ ಕ್ಲಾಸು. ನನಗೆ ಅಲ್ಲಿಗೆ ಹೋಗಲೇಬೇಕಿತ್ತು. ಅಷ್ಟು ಆಸೆ ನನಗೆ ಕಡುಬಿನ ಮೇಲೂ ಇರಲಿಲ್ಲ. ಸೀದಾ ಒಳಗೆ ನುಗ್ಗಿದೆ.

“ಮಿಸ್, ನಂಗೂ ಒಂದು ಸೀಟು ಕೊಡಿ. ಎಂಥ ಪುಸ್ತಕ ಕೊಟ್ರೂ ಒಂದೇ ದಿನದಲ್ಲಿ ಓದಿ ಮುಗಿಸ್ತೀನಿ.”

“ಮುಗಿಸೋಕೆ ಎಲ್ಲರಿಗೂ ಬರುತ್ತೆ. ನಿಲ್ಲೋಕೆ ಬರುತ್ತಾ?”

ಅರ್ಥವಾಗದಿದ್ದರೂ “ಬರುತ್ತೆ ಮಿಸ್” ಅಂದೆ. ಅವರು ಮೂಲೆಯ ಒಂದು ಸ್ಟೂಲು ತೋರಿಸಿದರು. ಎರಡು ಬೆಂಚಿನ ಮೇಲೆ ಎಂಟು ಜನ, ಹೆಚ್ಚಿನವರು ತೋಟದ ಮಾಲೀಕರ ಮಕ್ಕಳು, ಕಾನ್ವೆಂಟಿನಿಂದ ಬಂದವರು. ಸ್ಟೂಲಿನ ಮೇಲೆ ನಾನು. ಕ್ರಿಸ್‌ಮಸ್ ರಜೆಯೊಳಗೆ ಎರಡು ಉತ್ತರ ಬರೆಯಬೇಕು. ಎರಡರಲ್ಲಿ ಒಂದಾದರೂ ಅವರು ಒಪ್ಪಿದರೆ ಬೆಂಚು, ಒಪ್ಪದಿದ್ದರೆ ಕೆಳಗಿನ ಕ್ಲಾಸು. ಅವತ್ತು ಸಂಜೆಯೇ ಎಸ್ಟೇಟಿನ ಲೈನಿನ ತುಂಬ, ನಾನು ಮಹಡಿ ಮೇಲೆ ಹೋದೆ ಅಂತ ಸಾರಿಕೊಂಡು ಬಂದೆ. ಸ್ಟೂಲಿನ ವಿಷಯ ಹೇಳಲಿಲ್ಲ.

ಪಾಠಕ್ಕೆ ಇದ್ದದ್ದು ಮಾರ್ಥಾ ಅನ್ನುವ ಒಬ್ಬ ಹೆಂಗಸಿನ ಕಥೆ. ಗುಡ್ಡದ ಮೇಲೆ ಒಂಟಿ ಮನೆ, ಒಂದು ಹಸು. ತಮ್ಮ ಜಗಳವಾಡಿ ಹಡಗು ಹತ್ತಿ ಹೋಗಿ ವರ್ಷಗಳಾಗಿವೆ. ಟಪಾಲಿನವನು ಕೇಳಿದಾಗಲೆಲ್ಲ ಅವಳು ‘ಬಂದರೆ ಬರಲಿ, ಬಿಟ್ಟರೆ ಬಿಡಲಿ, ನನಗೇನು’ ಅನ್ನುತ್ತಾಳೆ. ಕೊನೆಗೆ ಹಡಗು ಬಂತಂತೆ ಅಂತ ಅವನು ಹೇಳಿದಾಗ, ‘ನನಗೆ ಹಾಲು ಕರೆಯುವುದಿದೆ’ ಅಂತ ಕೊಟ್ಟಿಗೆಗೆ ಹೋಗುತ್ತಾಳೆ. ಕಥೆ ಅಲ್ಲಿಗೇ ಮುಗಿಯುತ್ತದೆ. ಪ್ರಶ್ನೆ: ಮಾರ್ಥಾಗೆ ತಮ್ಮನ ಮೇಲೆ ಪ್ರೀತಿ ಇದೆಯೇ, ಇಲ್ಲವೇ? ಮೊದಲನೆಯ ಉತ್ತರಕ್ಕೆ ನಾನು ಒಂದು ಗೈಡಿನಿಂದ ಚಿನ್ನದಂಥ ಇಂಗ್ಲಿಷ್ ಎತ್ತಿದೆ. ಮಾರ್ಥಾ ಸೋದರಪ್ರೇಮದ ಮಹಾಸಾಗರ, ಸ್ತ್ರೀಕುಲದ ರತ್ನ, ಹೀಗೆ ಹನ್ನೊಂದು ಸಾಲು. ಗ್ರೇಸಿ ಮಿಸ್ ತಿದ್ದುತ್ತಿದ್ದದ್ದು ಪೆನ್ಸಿಲಿನಲ್ಲಿ. ‘ನಾನು ಬರೆದದ್ದನ್ನು ನೀವು ಒಪ್ಪದಿದ್ದರೆ ಅಳಿಸಿ ವಾದಕ್ಕೆ ಬನ್ನಿ’ ಅನ್ನುತ್ತಿದ್ದರು. ನನ್ನ ಹನ್ನೊಂದು ಸಾಲಿನ ಪಕ್ಕದಲ್ಲೂ ಹನ್ನೊಂದು ಸಲ ಒಂದೇ ಮಾತು ಬರೆದಿದ್ದರು: ‘ಎಲ್ಲಿದೆ?’ ಕೆಳಗೆ, ‘ಇನ್ನು ಒಂದೇ ಅವಕಾಶ. ಸೋಮವಾರ, ಅದೇ ಪ್ರಶ್ನೆ.’

ಆ ಭಾನುವಾರ ಆರೇ ಕಡುಬಿಗೆ ಕೈ ತೊಳೆದುಕೊಂಡೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. ಮೊರದ ಮುಂದೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಾಗ ಅಜ್ಜಿ, ಅದೇನು ಓದ್ತಿದೀಯ, ನಮಗೂ ಹೇಳು ಅಂದಳು. ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿ, ನಮ್ಮ ಮಾತಿನಲ್ಲಿ ಹೇಳುತ್ತಾ ಹೋದೆ.

“ನಿಂತ್ಕೊ,” ಅಂದಳು ಅಜ್ಜಿ. “ಎರಡು ಕಪ್ಪು ಅಂದ್ಯಾ?”

“ಹೂಂ. ದಿನಾ ಸಂಜೆ ಎರಡು ಕಪ್ಪು ತೊಳೆದು ಮೇಜಿನ ಮೇಲೆ ಬೋರಲು ಹಾಕ್ತಾಳೆ.”

“ಮನೇಲಿ ಎಷ್ಟು ಜನ ಅವ್ರೆ?”

“ಅವಳೊಬ್ಬಳೇ.”

“ಇನ್ನೊಂದ್ಸಲ ಓದು.”

ಓದಿದೆ.

“ಇನ್ನೊಂದ್ಸಲ.”

“ಅಜ್ಜಿ, ಮುಂದೆ ಹಡಗು ಬರೋದೈತೆ. ಅದು ಮಜಾ ಐತೆ.”

“ಹಡಗು ಎಲ್ಲೂ ಹೋಗಲ್ಲ. ಓದ್ಲಾ.”

ಅಪ್ಪ ತಲೆ ಎತ್ತಲಿಲ್ಲ. ಗುಂಡುಕಾಳು ಆರಿಸುತ್ತಲೇ, “ಅದ್ರಲ್ಲೇನೈತೆ ಅವ್ವ? ಇಂಗ್ಲಿಷ್‌ನೋರ ಮನೇಲಿ ಕಪ್ಪು ಜಾಸ್ತಿ ಇರ್ತವೆ,” ಅಂದ.

“ಜಾಸ್ತಿ ಇದ್ರೆ ಬೀರೂಲಿ ಇರ್ತವೆ. ಯಾರೂ ಕುಡೀದೇ ಇರೋ ಲೋಟನ ದಿನಾ ಯಾರಪ್ಪ ತೊಳೀತಾರೆ?”

ನನ್ನ ಕೂದಲು ನೆಟ್ಟಗಾಯಿತು. ಆ ಸಾಲನ್ನು ಹತ್ತು ಸಲ ದಾಟಿ ಹೋಗಿದ್ದೆ. ಮುಂದೆ ಓದಿದೆ. ಕೊನೆಯಲ್ಲಿ ಮಾರ್ಥಾ ಹಾಲು ಕರೆಯುತ್ತಾಳೆ, ಬಕೆಟ್ಟು ತುಂಬಿ ಹಾಲು ನೆಲಕ್ಕೆ ಹರಿಯುತ್ತದೆ. ಈಗ ಅಮ್ಮನ ಕೈ ನಿಂತಿತು. ಅವಳು ದಿನಾ ಎರಡು ಹೊತ್ತು ಹಾಲು ಕರೆಯುವವಳು.

“ಚೆಲ್ಲೋವರೆಗೂ ಕರೀತಾ ಕೂತಿದ್ಲಾ? ಬಕೆಟ್ಟು ತುಂಬಿದ್ದು ಸದ್ದಲ್ಲೇ ಗೊತ್ತಾಗ್ತದೆ. ಅವಳ ಗ್ಯಾನ ಅಲ್ಲಿಲ್ಲ ಬಿಡು. ಕಿವಿ ದಾರಿ ಮೇಲೈತೆ.”

“ಅವಳೇ ಬಾಯಿಬಿಟ್ಟು ಹೇಳ್ಯವ್ಳಲ್ಲ,” ಅಂದ ಅಪ್ಪ, ಈಗ ದನಿ ಏರಿತ್ತು. “ಬಂದ್ರೆ ಬರ್ಲಿ ಬಿಟ್ರೆ ಬಿಡ್ಲಿ ಅಂತ. ಬರೆದಿರೋದನ್ನ ಬುಟ್ಟು ಬೇರ್ಯಾವ್ದೋ ಹುಡುಕ್ತೀರಿ. ಅವಳಿಗೆ ತಮ್ಮ ಬೇಡ. ಬೇಡ ಅಂದ್ರೆ ಬೇಡ.”

“ಬಾಯಲ್ಲಿ ಬೇಡ ಅಂದೋರಿಗೆಲ್ಲ ಒಳಗೂ ಬೇಡ ಅಂತೇನ್ರಿ?” ಅಂದಳು ಅಮ್ಮ.

“ಕಾಳು ತೋರ್ಸು,” ಅಂದ ಅಪ್ಪ, ತನ್ನ ಅವ್ವನ ಕಾನೂನನ್ನೇ ಅವಳ ಎದುರಿಗೆ ಬೀಸಿ.

ಅಜ್ಜಿ ಎದ್ದಳು. ಮಂಡಿ ನೋವಿನ ಮುದುಕಿ ಅಡಿಗೆಮನೆಯ ಏಣಿ ಹತ್ತಿ ಅಟ್ಟಕ್ಕೆ ಹೋದಳು. ಅಮ್ಮ ಕೆಳಗೆ ಏಣಿ ಹಿಡಿದುಕೊಂಡಳು. ಇಳಿದು ಬಂದಾಗ ಅಜ್ಜಿಯ ಸೆರಗಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಮುಚ್ಚಳ ಕಿತ್ತು ಡಬ್ಬಿಯನ್ನು ಮೊರದ ಮೇಲೆ ಬೋರಲು ಹಾಕಿದಳು. ಗಲಗಲ ಅಂತ ಉರುಳಿಬಂದವು, ಬರೀ ಗುಂಡುಕಾಳು, ಒಂದಾದರೂ ಚಪ್ಪಟೆಯಿಲ್ಲ.

“ಕಲಗಚ್ಚು ಅಂದ ಅಂತ ಆರು ವರ್ಸ ಮಾತು ಬಿಟ್ಟೆ. ಈ ಮನೇಲಿ ಗುಂಡುಕಾಳೇ ಬೇಕು ಅಂತ ಕುಡಿಯೋರು ಯಾರಪ್ಪ ಅವ್ರೆ? ಒಂದೊಂದಾಗಿ ಆರ್ಸಿ ಆರ್ಸಿ ಇದನ್ನ ಯಾರಿಗಿಟ್ಟಿದೀಯ? ಹೇಳು.”

ನನ್ನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಪುಸ್ತಕದೊಳಗಿದ್ದ ಕಥೆ ಎದ್ದು ಬಂದು ನಮ್ಮ ಜಗಲಿಯ ಮೇಲೆ ಕೂತಿತ್ತು. ಅಪ್ಪ ಮೊರದ ಮೇಲಿನ ಗುಂಡುಕಾಳುಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ವಾಪಸು ಹಾಕತೊಡಗಿದ. ಬಿಸಿಲು ಜಗಲಿ ಇಳಿದು ಅಂಗಳ ದಾಟುವವರೆಗೂ ಹಾಕಿದ. ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಗೇಟಿನವರೆಗೂ ಬಂದು ಮೆಲ್ಲಗೆ ಹೇಳಿದ:

“ಡಬ್ಬಿ ಸುದ್ದಿ ಈ ಬಾಗಿಲು ದಾಟಿದ್ದು ಗೊತ್ತಾಯ್ತೋ, ನಿನ್ನ ಮಹಡಿ ಕ್ಲಾಸು ಅವತ್ತೇ ಮುಗೀತು ಅಂತ ತಿಳ್ಕೊ.”

ನಾನು ತಲೆಯಾಡಿಸಿದೆ. ಜೇಬಿನಲ್ಲಿ ಒಂದು ಹಿಡಿ ಕಾಫಿ ಕಾಳಿತ್ತು.

ಆ ಕಾಳಿನ ಕೆಲಸ ಹೀಗೆ. ಗ್ರೇಸಿ ಮಿಸ್ ‘ಎಲ್ಲಿದೆ’ ಅಂತ ಕೇಳಿದ್ದಕ್ಕೆ ನನಗೆ ಗೊತ್ತಿದ್ದ ಉತ್ತರ ಒಂದೇ. ಸ್ಟೂಲಿನ ಮೇಲೆ ಕೂತು, ಪುಸ್ತಕ ಬಿಡಿಸಿ, ಎರಡು ಕಪ್ಪಿನ ಸಾಲಿನ ಮೇಲೆ ಒಂದು ಒಳ್ಳೆ ಕಾಳು, ಬಕೆಟ್ಟಿನ ಮೇಲೆ ಒಂದು, ‘ನನಗೇನು’ ಅನ್ನುವಲ್ಲೆಲ್ಲ ಕರಿಕಾಳು ಇಟ್ಟೆ. ತೋಟದ ಮಾಲೀಕರ ಮಗ ಒಬ್ಬ, “ಮಿಸ್, ಇವನು ಪಾಠನ ಹುರಿದು ಪುಡಿ ಮಾಡ್ತಾನಂತೆ,” ಅಂದ. ಎಲ್ಲರೂ ನಕ್ಕರು. ಮಿಸ್ ಎದ್ದು ಬಂದರು.

“ಏನಿದು ನಂಜುಂಡ?”

“ಕಾಳು ಮಿಸ್. ಇವು ಸಾಕ್ಷಿ ಸಿಕ್ಕಿದ ಕಡೆ. ಕರಿದು ಅವಳು ಸುಳ್ಳು ಹೇಳಿದ ಕಡೆ.”

“ಇದು?” ಅಂದರು, ಅಂಚಿನಲ್ಲಿದ್ದ ಒಂದನ್ನು ಎತ್ತಿ.

“ಅದು ಅನುಮಾನ ಮಿಸ್. ಗೇಟಿಗೆ ಚಿಲಕ ಹಾಕಿರ್ಲಿಲ್ಲ ಅಂತ ಐತೆ. ತಮ್ಮ ಬರ್ಲಿ ಅಂತ ಬಿಟ್ಲೋ, ಮರೆತ್ಲೋ, ಗೊತ್ತಾಗ್ಲಿಲ್ಲ.”

ಮಿಸ್ ಆ ಕಾಳನ್ನು ಬೆರಳಲ್ಲಿ ತಿರುಗಿಸಿ ನೋಡಿ, ಎತ್ತಿದ ಜಾಗದಲ್ಲೇ ವಾಪಸು ಇಟ್ಟರು. “ನನಗೂ ಗೊತ್ತಿಲ್ಲ,” ಅಂದರು. ಕಲಿಸುವವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಗುತ್ತಿದ್ದವರೆಲ್ಲ ಪುಟ ತಿರುಗಿಸಿ ಗೇಟು ಹುಡುಕಲು ಹತ್ತಿದರು.

ಬರೆದೆ. ನನ್ನ ಇಂಗ್ಲಿಷ್ ಮಂಡಿ ತರಚಿಕೊಂಡವನ ಹಾಗೆ ಕುಂಟುತ್ತಿತ್ತು. ಗೈಡಿನ ಒಂದು ಪದವೂ ಇರಲಿಲ್ಲ. ಒಂದು ಸಲ ಬರೆದು, ಓದಿ, ಸಾಕ್ಷಿಯಿಲ್ಲದ ಸಾಲುಗಳನ್ನು ಹೊಡೆದು ಹಾಕಿ, ಇನ್ನೊಂದು ಹಾಳೆಯಲ್ಲಿ ಮತ್ತೆ ಬರೆದೆ. ಆ ಹಾಳೆಯನ್ನೂ ಅರ್ಧ ಹೊಡೆದು ಮೂರನೆಯದಕ್ಕೆ ಹೋದೆ. ಮೊರದ ಲೆಕ್ಕವೇ. ಮೂರನೆಯ ಸಲ ಬರೆಯುವಾಗ ಕೈಗೆ ಎಂಥ ಹುಮ್ಮಸ್ಸು ಬಂತೆಂದರೆ, ಎಲ್ಲ ಮುಗಿದ ಮೇಲೆ, ತಡೆಯಲಾಗದೆ ಕೊನೆಗೊಂದು ಸಾಲು ಸೇರಿಸಿಬಿಟ್ಟೆ: ‘ನನ್ನ ಅಪ್ಪನೂ ಹೀಗೆಯೇ, ಮಾತು ಬಿಟ್ಟ ತಮ್ಮನಿಗಾಗಿ ಒಂದು ಡಬ್ಬಿ ಇಟ್ಟಿದ್ದಾನೆ.’ ಕಾಗದ ಕೊಟ್ಟು ಮೆಟ್ಟಿಲು ಇಳಿಯುವಾಗ ಅಪ್ಪ ಗೇಟಿನಲ್ಲಿ ಹೇಳಿದ ಮಾತು ನೆನಪಾಯಿತು.

ಶನಿವಾರ ಕಾಗದ ವಾಪಸು ಬಂತು. ಮೇಲ್ಗಡೆ ‘ಬೆಂಚಿಗೆ ಬಾ’ ಅಂತ ಬರೆದಿದ್ದರು. ಎರಡು ಕಪ್ಪಿನ ಪಕ್ಕದಲ್ಲಿ, ಬಕೆಟ್ಟಿನ ಪಕ್ಕದಲ್ಲಿ ಪುಟ್ಟ ಪುಟ್ಟ ಸರಿ ಗುರುತು. ಕೊನೆಯ ಸಾಲಿನ ಮೇಲೆ ಮಾತ್ರ ಮಿಸ್ ಕೆಂಪು ಇಂಕಿನಲ್ಲಿ ದಪ್ಪಗೆ ಗೆರೆ ಎಳೆದಿದ್ದರು. ಕಥೆಯಲ್ಲಿ ಇಲ್ಲದ್ದನ್ನು ಸಾಕ್ಷಿ ಅಂತ ತರಬಾರದು, ಅದು ಮಹಡಿ ಕ್ಲಾಸಿನ ನಿಯಮ. ಕೆಳಗೆ ಒಂದು ಸೂಚನೆ: ಸೋಮವಾರದೊಳಗೆ ತಂದೆಯ ಸಹಿ ಹಾಕಿಸಿ ತರದಿದ್ದರೆ ಸೀಟು ಬೇರೆಯವರಿಗೆ. ಹೀಗಾಗಿ ಬೆಂಚಿಗೂ ನನಗೂ ನಡುವೆ ಉಳಿದಿದ್ದವನು ಅಪ್ಪ ಒಬ್ಬನೇ. ಅವನಿಗೋ ಇಂಗ್ಲಿಷ್ ಬರುತ್ತಿತ್ತು.

ಸಂಜೆ ಅಪ್ಪ ಸ್ನಾನ ಮುಗಿಸಿ ಬಂದು ನಡುಮನೆಯಲ್ಲಿ ಕೂತಾಗ ಕಾಗದ ಮುಂದೆ ಹಿಡಿದೆ. ಮೇಲಿನಿಂದ ಓದುತ್ತಾನೆ, ಖುಷಿಯಾಗುತ್ತಾನೆ, ಕೆಳಗೆ ಬರುವಷ್ಟರಲ್ಲಿ ಸಹಿ ಹಾಕಿರುತ್ತಾನೆ ಅನ್ನುವುದು ನನ್ನ ಉಪಾಯ. ಆದರೆ ಹಾಜರಿ ಬರೆಯುವವನ ಕಣ್ಣಿಗೆ ಮೊದಲು ಬೀಳುವುದೇ ಹೊಡೆದು ಹಾಕಿದ ಹೆಸರು. ಅವನು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪು ಗೆರೆಯ ಅಡಿಯಲ್ಲಿದ್ದ ಸಾಲನ್ನೇ ಮೊದಲು ಓದಿದ. ಎರಡು ಸಲ ಓದಿದ. ಆಮೇಲೆ ಮೇಲಿನಿಂದ ಎಲ್ಲವನ್ನೂ ಓದಿದ.

“ಈ ಗೆರೆ?”

“ಮಿಸ್ ಎಳೆದಿದ್ದು ಅಪ್ಪ.”

“ಹೂಂ.”

ಹೆಬ್ಬೆರಳಿನಿಂದ ಗೆರೆಯನ್ನು ಸವರಿ ಬೆರಳು ನೋಡಿಕೊಂಡ. ಕಿಟಕಿಯ ಮೇಲಿದ್ದ ಕೆಂಪು ಬಾಟಲಿಯ ಮುಚ್ಚಳ ಸಡಿಲವಾಗಿತ್ತೋ ಏನೋ, ಅದನ್ನು ಬಿಗಿಯಾಗಿ ತಿರುಗಿಸಿ, ಪಂಚೆಯ ಅಂಚಿನಿಂದ ಒರೆಸಿ ಇಟ್ಟ. ನೀಲಿ ಬಾಟಲಿಗೆ ಪೆನ್ನು ಅದ್ದಿ ಸಹಿ ಹಾಕಿದ.

“ಕ್ಲಾಸು ಬಿಡಿಸಲ್ವಾ ಅಪ್ಪ?”

“ಯಾಕ್ ಬಿಡಿಸ್ಲಿ? ಹೊಡೆದು ಹಾಕವ್ರಲ್ಲ. ಬರೀದಂಗೇ ಆಯ್ತು.”

ಮಾರನೆಯ ದಿನ ಕಡುಬಿನ ಹೊತ್ತಿಗೆ ಅಪ್ಪ ಮನೆಯಲ್ಲಿರಲಿಲ್ಲ. ಅಟ್ಟದ ಮೇಲೆ ಡಬ್ಬಿಯೂ ಇರಲಿಲ್ಲ. ನಾನು ಜಗಲಿಗೂ ಗೇಟಿಗೂ ಇಪ್ಪತ್ತು ಸಲ ಓಡಾಡಿದೆ. ಸಂಜೆಯ ಬಸ್ಸಿನಿಂದ ಅಪ್ಪ ಇಳಿದು ಬಂದ, ಕಂಕುಳಲ್ಲಿ ಅದೇ ಡಬ್ಬಿ. ಅಜ್ಜಿ ಜಗಲಿಯಿಂದ ಏಳಲಿಲ್ಲ.

“ಎಲ್ಲಿಗ್ ಹೋಗಿದ್ಯಪ್ಪ?”

“ಆನೇಮಹಲ್ಲಿಗೆ.”

“ಏನಂದ?”

“ಅದ್ರಲ್ಲಿ ಎರಡು ಚಪ್ಪಟೆ ಕಾಳು ಸೇರ್ಕೊಂಡವೆ ಅಂದ.”

“ಅಷ್ಟೇನಾ? ಮಾತಾಡ್ದ ಅಂತ ನಾನ್ ಹೆಂಗ್ ನಂಬ್ಲಿ? ಕಾಳು ತೋರ್ಸು.”

ಅಪ್ಪ ಡಬ್ಬಿ ಅವಳ ಮಡಿಲಿಗಿಟ್ಟು ಮುಚ್ಚಳ ತೆಗೆದ. ಡಬ್ಬಿಯ ತುಂಬ ಹಸಿರು ಏಲಕ್ಕಿ. ಚಿಕ್ಕಪ್ಪನ ಹಿತ್ತಲಿನದು, ಅಜ್ಜಿ ಪಾಯಸಕ್ಕೆ ಇದೇ ಬೇಕು ಅನ್ನುತ್ತಿದ್ದ ಏಲಕ್ಕಿ. ಅವಳು ಒಂದು ಕಾಯಿ ಎತ್ತಿ ಮೂಸಿದಳು, ಮತ್ತೆ ಮೂಸಿದಳು, ಮೂರನೆಯ ಸಲವೂ ಮೂಸಿದಳು. ಸೋಮವಾರ ನಾನು ಬೆಂಚಿನ ಮೇಲೆ ಕೂತೆ. ಕೂತ ಐದು ನಿಮಿಷಕ್ಕೇ ಪಕ್ಕ ಕೂತಿದ್ದ ಆ ತೋಟದ ಮಾಲೀಕರ ಮಗನ ಜೊತೆ ಜಗಳ ಶುರು ಮಾಡಿದೆ. ಮಿಸ್ ಕೊಡೆಯ ಮೇಲೆ ಗಲ್ಲವಿಟ್ಟು ಕೇಳುತ್ತಿದ್ದರು. ಅವನು ಏನು ಹೇಳಿದರೂ ನಾನು ಕಾಳು ತೋರ್ಸು ಅನ್ನುತ್ತಿದ್ದೆ; ತಿಂಗಳು ತುಂಬುವಷ್ಟರಲ್ಲಿ ಇಡೀ ಕೋಣೆ ಹಾಗೆ ಅನ್ನಲು ಕಲಿತಿತ್ತು.

ಇನ್ನು ನಮ್ಮ ಪಂಥ. ಸುಳ್ಳು ಸಿಕ್ಕಿತೇ? ಆಡಿನ ಹಿಕ್ಕೆ ಅಂದುಕೊಂಡಿರಿ, ಅಲ್ಲವೇ? ಅದು ನಿಜ, ಬಲಗೈ ಸಾಕ್ಷಿ. ಏಲಕ್ಕಿ ನಿಜ. ಫಸ್ಟು ಬಂದದ್ದೂ ನಿಜ, ಬೇಜಾರಾದರೆ ನಾನೇನು ಮಾಡಲಿ. ಆದರೆ ಗ್ರೇಸಿ ಮಿಸ್ ತಿದ್ದುತ್ತಿದ್ದದ್ದು ಪೆನ್ಸಿಲಿನಲ್ಲಿ ಅಂತ ನಾನೇ ಹೇಳಿದ್ದೆ. ತಲೆಬರಹದಲ್ಲೂ ಇಟ್ಟಿದ್ದೆ. ಅದನ್ನು ಓದಿ, ದಾಟಿಕೊಂಡು, ಹಡಗು ನೋಡಲು ಓಡಿದಿರಿ. ಅವರು ಜೀವಮಾನದಲ್ಲಿ ಕೆಂಪು ಇಂಕು ಮುಟ್ಟಿದವರಲ್ಲ. ಆ ಗೆರೆ ಎಳೆದವನು ನಾನು. ಅಪ್ಪ ಬಚ್ಚಲಿನಲ್ಲಿದ್ದಾಗ, ಕಿಟಕಿಯ ಬಾಟಲಿಯಿಂದ, ಸೀಟು ಹೋಗುತ್ತದೆ ಅನ್ನುವ ಹೆದರಿಕೆಗೆ ಎಳೆದೆ. ಅವಸರದಲ್ಲಿ ಮುಚ್ಚಳವನ್ನೂ ಸರಿಯಾಗಿ ಹಾಕಲಿಲ್ಲ. ಹೆದರಿದ್ದೆ ಅನ್ನುವುದನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿಲ್ಲ. ಗೆರೆ ಎಳೆಯುವುದಕ್ಕೆ ಮುಂಚೆ, ಆ ಸಾಲಿನ ಪಕ್ಕದಲ್ಲಿ ಮಿಸ್ ಪೆನ್ಸಿಲಿನಲ್ಲಿ ಬರೆದಿದ್ದನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿದೆ. ಏನು ಬರೆದಿದ್ದರು ಅಂತ ಇವತ್ತಿಗೂ ನನಗೆ ಬಾಯಿಪಾಠ: ‘ಇದು ಕಥೆಯಲ್ಲಿ ಇಲ್ಲ. ಆದರೂ ಇರಲಿ.’